ಹಬೆಗೆ ಸೋತ ಹಲ್ಲು

ಸಿದ್ದಾಪುರದ ಬಸ್ಸಿನ ಕಂಡಕ್ಟರ್ ಡಬ್ಬಿಯನ್ನು ಕೈಗಿಟ್ಟಾಗಲೇ ನನಗೆ ಗೊತ್ತಾಯಿತು. ಹೊಸ ಕೆಲಸವಾದರೆ ಡಬ್ಬಿಯೊಳಗೆ ಹಲ್ಲಿನ ಅಚ್ಚು ಇರುತ್ತದೆ, ಕೈಗೆ ಭಾರ ತಿಳಿಯುತ್ತದೆ. ಇದು ಹಗುರ. ಅಲ್ಲಾಡಿಸಿದರೆ ಒಳಗೆ ಚೂರುಗಳು ಒಂದಕ್ಕೊಂದು ತಾಗುವ ಸದ್ದು. ನಾವು ಇಡಿಯಾಗಿ ಕಳಿಸಿದ ಕ್ಯಾಪ್ ಸಿದ್ದಾಪುರದಿಂದ ಒಡೆದು ವಾಪಸ್ ಬಂದದ್ದು ಇದು ಮೂರನೇ ಸಲ.

ನಾನು ಶಿರಸಿಯಲ್ಲಿ ದಂತವೈದ್ಯರಿಗೆ ಹಲ್ಲು ಮಾಡಿಕೊಡುವವಳು. ಬೇರು ಗಟ್ಟಿಯಿದ್ದು ಮೇಲೆ ಹಾಳಾದ ಹಲ್ಲಿಗೆ ಡಾಕ್ಟರು ತೊಡಿಸುತ್ತಾರಲ್ಲ, ಆ ಕ್ಯಾಪ್ ನಮ್ಮಂಥವರ ಕೈಯಲ್ಲಿ ಆಗುತ್ತದೆ. ಬಸ್ ಸ್ಟ್ಯಾಂಡಿನ ಹತ್ತಿರ ಮಹಡಿಯ ಮೇಲೆ ಎರಡು ಕೋಣೆ, ಒಂದರಲ್ಲಿ ಕೊರೆಯುವ ಯಂತ್ರ, ಇನ್ನೊಂದರಲ್ಲಿ ಫರ್ನೇಸ್. ಶಿರಸಿ, ಸಿದ್ದಾಪುರ, ಯಲ್ಲಾಪುರದ ಡಾಕ್ಟರುಗಳು ಅಚ್ಚು ಕಳಿಸುತ್ತಾರೆ, ನಾವು ಹಲ್ಲು ಕಳಿಸುತ್ತೇವೆ. ನಾವು ಎಂದರೆ ನಾನು ಮತ್ತು ಫರ್ನೇಸ್ ನೋಡಿಕೊಳ್ಳುವ ನನ್ನ ಸಹೋದ್ಯೋಗಿ. ಅವರು ಗುಡ್ನಾಪುರದ ಕಡೆಯವರು, ಮಾತು ಅರ್ಧ ಹಾವೇರಿ.

ಡಬ್ಬಿ ತೆರೆಯುವ ಮೊದಲೇ ಸಿದ್ದಾಪುರದ ಡಾಕ್ಟರ ಫೋನ್ ಬಂತು. ನನ್ನ ಮೊದಲ ಗಿರಾಕಿ ಅವರೇ, ದೊಡ್ಡ ಗಿರಾಕಿಯೂ ಅವರೇ. ಮೃದು ಮಾತಿನ ಮನುಷ್ಯ. ಆ ದಿನ ಮೃದುತ್ವ ಎಲ್ಲಿಗೆ ಹೋಗಿತ್ತೋ.

“ನಿಮ್ಮ ಹಲ್ಲು ಕಟ್ಟಿಸಿಕೊಂಡವರು ಸರ್ವೇಯರ್ ಆಗಿದ್ದವರು. ಊರಿನ ಪ್ರತಿ ಮನೆಯ ಗಡಿಕಲ್ಲು ಅವರಿಗೆ ಗೊತ್ತು. ಈಗ ಪ್ರತಿ ಮನೆಗೂ ಹೋಗಿ, ಶಿರಸಿಯವರು ಸುಣ್ಣದ ಹಲ್ಲು ಮಾರ್ತಾರೆ ಅಂತ ಹೇಳ್ತಿದ್ದಾರೆ. ಅವರದ್ದೇ ಎರಡು ಸಲ ಒಡೀತು. ಇನ್ನೊಂದು ಸಲ ಮಾಡಿಕೊಡಿ. ಅದೂ ಒಡೆದ್ರೆ ನಾನು ಹುಬ್ಬಳ್ಳಿಗೆ ಕಳಿಸ್ತೇನೆ, ಬೇಜಾರು ಮಾಡ್ಕೋಬೇಡಿ.”

ಬೇಜಾರಿನ ಮಾತಲ್ಲ ಇದು. ಈ ಮೂರು ತಾಲೂಕಿನ ಹಲ್ಲಿನ ಡಾಕ್ಟರುಗಳು ಎಲ್ಲ ಒಬ್ಬರಿಗೊಬ್ಬರು ಫೋನ್ ಮಾಡಿಕೊಳ್ಳುವವರು. ಒಬ್ಬರು ಹುಬ್ಬಳ್ಳಿಗೆ ಮುಖ ತಿರುಗಿಸಿದರೆ ತಿಂಗಳೊಳಗೆ ಉಳಿದವರೂ ತಿರುಗಿಸುತ್ತಾರೆ. ಆಮೇಲೆ ನಾವಿಬ್ಬರೂ ಮಹಡಿಗೆ ಬೀಗ ಹಾಕುವುದೊಂದೇ ಬಾಕಿ. ನನಗೆ ಹೆದರಿಕೆಯಾಯಿತು, ಹೆದರಿಕೆಯ ಬೆನ್ನಿಗೇ ಅನುಮಾನ ಶುರುವಾಯಿತು. ಅನುಮಾನ ನನ್ನ ಹುಟ್ಟುಗುಣ. ಮನೆಯಲ್ಲಿ ಹಾಲು ಉಕ್ಕಿದರೂ ಯಾರು ಉಕ್ಕಿಸಿದರು ಎಂದು ಕೇಳುವವಳು ನಾನು.

ಕೆಲಸ ಹೇಗೆಂದು ಸ್ವಲ್ಪ ಹೇಳಬೇಕು. ನಾವು ಬಳಸುವುದು ಜಿರ್ಕೋನಿಯ. ಅದೊಂದು ಲೋಹದ ಆಕ್ಸೈಡ್, ಬಿಳಿ ಪುಡಿ. ಅದನ್ನು ಒತ್ತಿ, ಅರೆಬರೆ ಸುಟ್ಟು, ತಟ್ಟೆಯಂಥ ಡಿಸ್ಕ್ ಮಾಡಿ ಮಾರುತ್ತಾರೆ. ಆಗ ಅದು ಸೀಮೆಸುಣ್ಣದಷ್ಟೇ ಮೆತ್ತಗೆ, ಉಗುರಿನಲ್ಲಿ ಕೆರೆದರೂ ಪುಡಿ ಬರುತ್ತದೆ. ಆ ಸ್ಥಿತಿಯಲ್ಲೇ ಯಂತ್ರದಲ್ಲಿ ಹಲ್ಲಿನ ಆಕಾರಕ್ಕೆ ಕೊರೆಯುತ್ತೇವೆ, ಬೇಕಾದ ಅಳತೆಗಿಂತ ದೊಡ್ಡದಾಗಿ. ಆಮೇಲೆ ಫರ್ನೇಸಿನಲ್ಲಿ ಸಾವಿರದೈನೂರು ಡಿಗ್ರಿಯ ತನಕ ನಿಧಾನವಾಗಿ ಕಾಯಿಸಿ, ಅಷ್ಟೇ ನಿಧಾನವಾಗಿ ಇಳಿಸುತ್ತೇವೆ. ಬೆಳಿಗ್ಗೆ ಇಟ್ಟದ್ದು ಸಂಜೆಗೆ ಹೊರಬರುವಾಗ ಸುತ್ತಿಗೆಗೂ ಜಗ್ಗದ ಹಲ್ಲಾಗಿರುತ್ತದೆ.

ಇದರ ಗುಟ್ಟು ಹರಳಿನಲ್ಲಿದೆ. ಜಿರ್ಕೋನಿಯದ ಹರಳು ಶಾಖಕ್ಕೆ ತಕ್ಕಂತೆ ಭಂಗಿ ಬದಲಿಸುತ್ತದೆ. ತಣ್ಣಗಿರುವಾಗ ಓರೆಯಾಗಿ, ಜಾಗ ಹಿಡಿದು ಕೂರುತ್ತದೆ. ಸಾವಿರದ ಚಿಲ್ಲರೆ ಡಿಗ್ರಿ ದಾಟಿದ ಮೇಲೆ ನೆಟ್ಟಗಾಗಿ, ಒತ್ತಾಗಿ ಕೂರುತ್ತದೆ. ಹಲ್ಲಿಗೆ ಬೇಕಾದದ್ದು ಈ ನೆಟ್ಟಗಿನ ಭಂಗಿ. ಆದರೆ ಬರೀ ಜಿರ್ಕೋನಿಯವಾದರೆ ತಣಿಯುವಾಗ ಮತ್ತೆ ಓರೆಯಾಗಿ, ಉಬ್ಬಿ, ಪಕ್ಕದ ಹರಳನ್ನು ನೂಕಿ ಇಡೀ ತುಂಡು ಬಿರುಕು ಬಿಡುತ್ತದೆ. ಅದಕ್ಕೇ ಇಟ್ರಿಯ ಎಂಬ ಇನ್ನೊಂದು ಆಕ್ಸೈಡನ್ನು ಚೂರು ಬೆರೆಸಿರುತ್ತಾರೆ. ಅದು ಹರಳನ್ನು ನೆಟ್ಟಗೆ ಹಿಡಿದಿಡುತ್ತದೆ. ಹಿಡಿದಿಡುತ್ತದೆ ಅಷ್ಟೇ, ಹರಳಿಗೆ ಹಳೇ ಭಂಗಿಗೆ ಮರಳುವ ಚಪಲ ಒಳಗೊಳಗೇ ಇರುತ್ತದೆ.

ಮೊದಲ ಅನುಮಾನ ಡಿಸ್ಕ್ ತಂದುಕೊಡುವ ಏಜೆಂಟನ ಮೇಲೆ. ಇಟ್ರಿಯ ಕಡಿಮೆ ಇರುವ ಕಳಪೆ ಮಾಲು ತುರುಕಿದ್ದಾನೆ ಎಂದುಕೊಂಡೆ. ಬೆಳಗಾವಿಯ ಬೇರೊಬ್ಬರಿಂದ ಬೇರೆ ಡಿಸ್ಕ್ ತರಿಸಿ, ಎರಡರಲ್ಲೂ ಒಂದೊಂದು ಕಡ್ಡಿ ಕೊರೆದು, ಒಟ್ಟಿಗೆ ಸುಟ್ಟು, ಇಕ್ಕಳದಲ್ಲಿ ಕಚ್ಚಿ ಬಗ್ಗಿಸಿದೆವು. ಎರಡೂ ಒಂದೇ ಥರ ಹಠ ಹಿಡಿದವು, ಇಕ್ಕಳವೇ ಜಾರಿತು.

ಎರಡನೇ ಅನುಮಾನ ಫರ್ನೇಸಿನ ಮೇಲೆ. ಶಾಖ ಹೆಚ್ಚಾದರೆ ಹರಳಿನ ಕಾಳು ದಪ್ಪವಾಗಿ ಬೆಳೆಯುತ್ತದೆ, ದಪ್ಪ ಕಾಳು ಬೇಗ ದಾರಿ ತಪ್ಪುತ್ತದೆ. ಪರದೆಯ ಮೇಲೆ ಸಾವಿರದೈನೂರು ಎಂದು ಬಂದರೆ ಒಳಗೂ ಅಷ್ಟೇ ಇದೆ ಎಂದು ಏನು ಗ್ಯಾರಂಟಿ? ಇದಕ್ಕೆ ಪಿಂಗಾಣಿಯ ಸಣ್ಣ ಉಂಗುರಗಳು ಸಿಗುತ್ತವೆ. ಎಷ್ಟು ಶಾಖ ತಾಗಿತೋ ಅಷ್ಟು ಕುಗ್ಗುವ ಉಂಗುರ. ತೆಗೆದು ಅಗಲ ಅಳೆದರೆ ಒಳಗಿನ ಬೆಂಕಿಯ ನಿಜ ಗೊತ್ತಾಗುತ್ತದೆ. ಮುಂದೊಂದು, ಹಿಂದೊಂದು, ನಡುವೆ ಒಂದು ಇಟ್ಟು ಸುಟ್ಟೆವು. ಮೂರೂ ಸರಿಯಾಗಿಯೇ ಸಾಕ್ಷಿ ಹೇಳಿದವು.

ಮೂರನೇ ಅನುಮಾನ ಸಹೋದ್ಯೋಗಿಯ ಮೇಲೆ. ಒಳ್ಳೇ ಡಿಸ್ಕ್ ಬದಲಿಸಿ ಸೋವಿಯದು ಇಡುತ್ತಿದ್ದಾರೋ ಏನೋ ಎಂದು, ಅವರು ಚಹಾಕ್ಕೆ ಇಳಿದಾಗ ಪ್ರತಿ ಡಿಸ್ಕಿನ ಅಂಚಿಗೆ ಪೆನ್ಸಿಲಿನಲ್ಲಿ ಒಂದು ಚುಕ್ಕಿ ಇಟ್ಟೆ. ಮರುದಿನ ಅವರು ಡಿಸ್ಕನ್ನು ಬೆಳಕಿಗೆ ಹಿಡಿದು ನನ್ನತ್ತ ತಿರುಗಿದರು.

“ಮೇಡಮ್ಮರ, ಈ ಚುಕ್ಕಿ ನೀವ ಇಟ್ಟೀರಿ ಏನ್ರಿ?”

“ಯಾವ ಚುಕ್ಕಿ?”

“ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ನೋಡ್ಕೊಂಡಂಗ ಆತು ನೋಡ್ರಿ ನಿಮ್ಮ ಮಾರಿ,” ಎಂದವರು ತಮ್ಮ ಮೊಬೈಲ್ ತೆಗೆದು ತೋರಿಸಿದರು. ದಿನಾ ಫರ್ನೇಸಿನ ಪರದೆಯ ಫೋಟೊ ಹೊಡೆದಿಟ್ಟಿದ್ದರು. “ಮೊದಲನೇ ಕ್ಯಾಪ್ ಒಡೆದ ದಿನದಿಂದ ತೆಗದೀನ್ರಿ. ನಾಳೆ ನೀವು ನನ್ನ ಮ್ಯಾಲೆ ಹಾಕ್ತೀರಿ ಅನ್ನೋದು ಗೊತ್ತಿತ್ತು.”

ನಾಚಿಕೆಯಾಯಿತು. ಸಿಟ್ಟೂ ಬಂತು. ನಾನು ಅವರನ್ನು ಕಾಯುವಾಗ ಅವರು ನನ್ನನ್ನು ಕಾಯುತ್ತಿದ್ದರಲ್ಲ! ಆದರೆ ಆ ಜಗಳದಿಂದ ಒಂದು ಉಪಕಾರವಾಯಿತು. ಚುಕ್ಕಿಯ ಡಿಸ್ಕುಗಳೆಲ್ಲ ಹಾಗೇ ಇದ್ದವು, ಫೋಟೊಗಳಲ್ಲಿ ಶಾಖವೂ ಸರಿಯಾಗಿತ್ತು. ಇಬ್ಬರೂ ಎದುರುಬದುರು ಕೂತು ಯೋಚಿಸಿದೆವು.

“ಯಲ್ಲಾಪುರದ್ದು ಒಂದೂ ಒಡದಿಲ್ರಿ,” ಎಂದರು ಅವರು. “ಶಿರಸಿದೂ ಇಲ್ಲ. ಡಿಸ್ಕ್ ಒಂದ, ಬೆಂಕಿ ಒಂದ, ಕೈಯೂ ಒಂದ. ಸಿದ್ದಾಪುರದ ಹಾದ್ಯಾಗ ಏನೋ ಐತಿ.”

ಒಡೆದ ಚೂರನ್ನು ಭೂತಗನ್ನಡಿಯ ಕೆಳಗಿಟ್ಟೆ. ನಮ್ಮಲ್ಲಿಂದ ಹೋಗುವಾಗ ಕ್ಯಾಪಿನ ಮೈ ನುಣ್ಣಗೆ ಹೊಳೆಯುತ್ತದೆ. ಈ ಚೂರಿನ ಮೈ ಮಂಕಾಗಿತ್ತು, ಕನ್ನಡಿಯ ಮೇಲೆ ಉಸಿರು ಬಿಟ್ಟಂತೆ. ಮಾರ್ಕರ್ ಪೆನ್ನಿನಲ್ಲಿ ಒಂದು ಗೆರೆ ಎಳೆದು ಸ್ಪಿರಿಟ್ಟಿನಲ್ಲಿ ಒರೆಸಿದೆ. ಹೊಸ ಕ್ಯಾಪಿನ ಮೇಲಿನ ಗೆರೆ ಮಾಯವಾಯಿತು. ಚೂರಿನ ಮೇಲಿನ ಗೆರೆ ಬೂದಿಬಣ್ಣದ ನೆರಳಾಗಿ ಉಳಿಯಿತು. ಶಾಯಿ ಒಳಗೆ ಇಳಿದಿತ್ತು, ಅಂದರೆ ಇಳಿಯಲು ಕಣ್ಣಿಗೆ ಕಾಣದ ಸಂದುಗಳಿದ್ದವು.

ಸಂಶೋಧನೆಯ ಕೆಲಸದಲ್ಲಿದ್ದ ಪರಿಚಯದವರೊಬ್ಬರು ಧಾರವಾಡದಲ್ಲಿದ್ದರು. ಅವರಿಗೆ ಚೂರು ಕಳಿಸಿದೆ, ಎಕ್ಸ್-ರೇ ಹಾಯಿಸಿ ಹರಳಿನ ಭಂಗಿ ನೋಡುವ ಯಂತ್ರ ಅವರಲ್ಲಿತ್ತು. ಉತ್ತರ ಫೋನಿನಲ್ಲಿ ಬಂತು. ಒಳಗೆಲ್ಲ ಹರಳು ನೆಟ್ಟಗಿದೆ. ಮೇಲ್ಮೈಯಲ್ಲಿ ಮಾತ್ರ ಬಹುಪಾಲು ಓರೆಯಾಗಿ ಹೋಗಿದೆ. “ಇದನ್ನ ಎಲ್ಲಿಟ್ಟಿದ್ದಿರಿ? ಬಿಸಿ ನೀರು, ಹಬೆ ಏನಾದರೂ ತಾಗಿತ್ತಾ?” ಎಂದು ಕೇಳಿದರು.

ಆಗ ನನಗೆ ಕಲಿಯುವ ಕಾಲದ ಪಾಠ ನೆನಪಾಯಿತು. ಜಿರ್ಕೋನಿಯಕ್ಕೆ ದೊಡ್ಡ ಬೆಂಕಿಯ ಭಯವಿಲ್ಲ, ಒಣ ಬಿಸಿಯ ಭಯವೂ ಇಲ್ಲ. ಹೆದರುವುದು ನೂರರಿಂದ ಇನ್ನೂರರ ಆಸುಪಾಸಿನ ಒದ್ದೆ ಶಾಖಕ್ಕೆ. ನೀರಿನ ಆವಿ ಮೇಲ್ಮೈಯ ಒಂದು ಹರಳನ್ನು ಸಡಿಲಿಸುತ್ತದೆ, ಅದು ಓರೆಯಾಗಿ ಉಬ್ಬುತ್ತದೆ, ಉಬ್ಬಿದ್ದರ ಬದಿಯಲ್ಲಿ ಸಂದು ಬೀಳುತ್ತದೆ, ಆ ಸಂದಿನಿಂದ ಆವಿ ಪಕ್ಕದ ಹರಳಿಗೆ ಹೋಗುತ್ತದೆ. ಬಾಯಿಯ ಬಿಸಿಗೆ ಇದಾಗಲು ಎಷ್ಟೋ ವರ್ಷ ಬೇಕು. ಸರ್ವೇಯರ್ ಕ್ಯಾಪ್ ಹಾಕಿಕೊಂಡು ತಿಂಗಳೂ ಆಗಿರಲಿಲ್ಲ. ಕಷಾಯ ಎಷ್ಟೇ ಸುಡುಸುಡು ಕುಡಿದರೂ ಇಷ್ಟಾಗುವುದಿಲ್ಲ. ಯಾರೋ ಅದನ್ನು ಬೇಯಿಸಿದ್ದಾರೆ.

ಹೇಳದೆ ಕೇಳದೆ ಸಿದ್ದಾಪುರಕ್ಕೆ ಹೋದೆ. ಮೊದಲೇ ಹೇಳಿದರೆ ನಿಜ ಅಡಗಿ ಕೂರುತ್ತದೆ ಎಂಬುದು ನನ್ನ ನಂಬಿಕೆ. ಕಾನಸೂರು ದಾಟುವ ತನಕ ಡಾಕ್ಟರ ಮೇಲೆ ಹೊರಿಸಬಹುದಾದ ಆರೋಪಗಳನ್ನೆಲ್ಲ ಜೋಡಿಸಿಕೊಂಡೆ. ಕ್ಲಿನಿಕ್ಕಿನಲ್ಲಿ ಡಾಕ್ಟರು ಒಬ್ಬರ ಹಲ್ಲು ಕೀಳುವುದರಲ್ಲಿದ್ದರು. ನಾನು ಒಳಕೋಣೆಯಲ್ಲಿ ಅವರ ಸಹಾಯಕಿಯ ಹತ್ತಿರ ಕೂತೆ. ಆಕೆ ಹಬೆಯ ಯಂತ್ರದ ಮುಚ್ಚಳ ತೆಗೆಯುತ್ತಿದ್ದಳು. ಉಪಕರಣಗಳನ್ನು ಸೋಂಕಿಲ್ಲದಂತೆ ಮಾಡಲು ಎಲ್ಲ ದಂತವೈದ್ಯರೂ ಇಡುವ ಯಂತ್ರ ಅದು, ಕುಕ್ಕರಿನ ದೊಡ್ಡಣ್ಣ. ಒತ್ತಡದಲ್ಲಿ ಹಬೆ ನೂರಾ ಮೂವತ್ತನಾಲ್ಕು ಡಿಗ್ರಿಗೆ ಏರುತ್ತದೆ. ಹಬೆ ಚದುರಿದ ಮೇಲೆ ನೋಡುತ್ತೇನೆ, ಕನ್ನಡಿ, ಚಿಮಟಗಳ ನಡುವೆ ಸಣ್ಣ ಜಾಳಿಗೆಯ ಬುಟ್ಟಿಯಲ್ಲಿ ನಮ್ಮ ಹಲ್ಲುಗಳು.

“ಇವು ಇಲ್ಲಿ ಯಾಕೆ?” ಎಂದೆ.

“ಅವು ಅಲ್ಲೇ ಇರ್ತಾವೆ ಮೇಡಂ. ಪೇಶಂಟು ಬರೋ ತನಕ.”

“ಎಷ್ಟು ಸಲ ಹಾಕ್ತೀರಿ?”

“ಯಂತ್ರ ಓಡಿದಾಗೆಲ್ಲ. ದಿನಕ್ಕೆ ನಾಕಾರು ಸಲ ಓಡ್ತದೆ. ಏನು ಮಾಡೋದು ಹೇಳಿ? ಕ್ಯಾಪ್ ಕೈಗೆ ತಗೊಂಡ ಕೂಡ್ಲೇ ಕೇಳ್ತಾರೆ, ಇದು ಬೇರೆಯವ್ರ ಬಾಯಿಗೆ ಇಟ್ಟು ನೋಡಿದ್ದಲ್ಲ ಅಲ್ವಾ, ಎಂಜಲಲ್ವಾ ಅಂತ. ಹಬೆ ಆಡೋವಾಗ್ಲೇ ಅವ್ರ ಕಣ್ಣೆದುರು ತೆಗೆದ್ರೆ ಸುಮ್ನಾಗ್ತಾರೆ. ಡಾಕ್ಟ್ರೇ ಹೇಳಿದ್ದು.”

“ಸರ್ವೇಯರ್ ಅವರ ಕ್ಯಾಪ್?”

“ಅವ್ರದ್ದು ಸುಮಾರು ದಿನ ಇತ್ತು. ಮೊದಲನೇ ಸಲ ಅವ್ರಿಗೆ ಸೂತಕ ಬಂತು. ಎರಡನೇ ಸಲ ಪಿತೃಪಕ್ಷ, ಹೊಸ ಹಲ್ಲು ಬೇಡ ಅಂದ್ರು. ಕಳೆಯೋ ತನಕ ಇದ್ರೊಳಗೇ ಇತ್ತು. ಜೋಪಾನ ಮಾಡಿದ್ದೆ ಮೇಡಂ.”

ನಾನು ಗೋಡೆಗೆ ಒರಗಿದೆ. ಪಕ್ಷವಿಡೀ ಪಿತೃಗಳಿಗೆ ಪಿಂಡ, ನಮ್ಮ ಹಲ್ಲಿಗೆ ಹಬೆ! ಯಾವ ಊರಿನಲ್ಲಿ ಯಾರು ಇಂಥ ಜೋಪಾನ ಮಾಡಿಯಾರು? ಎಂಜಲಿನ ಹೆದರಿಕೆಯೂ, ಒಳ್ಳೇ ದಿನದ ಲೆಕ್ಕವೂ, ಡಾಕ್ಟರ ದಾಕ್ಷಿಣ್ಯವೂ ಸೇರಿ ಹರಳಿನ ಬುಡ ಅಲ್ಲಾಡಿಸಿದ್ದವು.

ಡಾಕ್ಟರಿಗೆ ಹೇಳಿದಾಗ ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ಸಾವಿರದೈನೂರು ಡಿಗ್ರಿ ತಡೆದದ್ದು ನೂರಾ ಮೂವತ್ತಕ್ಕೆ ಹಾಳಾಗ್ತದಾ? ಇದನ್ನ ಹೊರಗೆ ಹೇಳಬೇಡಿ, ನಗ್ತಾರೆ. ಸೋಂಕು ತೆಗೆಯೋದು ನನ್ನ ಧರ್ಮ. ನಿಮ್ಮ ಮಾಲು ಸರಿಯಿಲ್ಲ ಅಂತ ನನ್ನ ಯಂತ್ರದ ಮೇಲೆ ಹಾಕ್ತಿದ್ದೀರಿ.”

“ಒಂದು ಸಲ ಹಾಕಿದ್ದಕ್ಕೆ ಏನೂ ಆಗಲ್ಲ ಸರ್. ದಿನಾ ಬೇಯಿಸಿದರೆ ಆಗ್ತದೆ.”

“ಸಾಕ್ಷಿ?”

ಎಕ್ಸ್-ರೇಯ ವಿಷಯ ಹೇಳಿದೆ. “ಅದು ನಿಮ್ಮ ಪರಿಚಯದವರದ್ದು,” ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಒಳಗೊಳಗೆ ಅನಿಸಿತು, ಅವರ ಜಾಗದಲ್ಲಿ ನಾನಿದ್ದರೂ ಇದನ್ನೇ ಕೇಳುತ್ತಿದ್ದೆ. ಅನುಮಾನದವರನ್ನು ಮಾತಿನಲ್ಲಿ ಗೆಲ್ಲಲಾಗದು, ಕಾವಲಿಗೆ ಕೂರಿಸಬೇಕು. ಅಲ್ಲೇ ತೀರ್ಮಾನ ಮಾಡಿದೆ. ಒಂದೇ ಡಿಸ್ಕಿನ ಒಂದೇ ಬೆಂಕಿಯ ಕಡ್ಡಿಗಳನ್ನು ತಂದುಕೊಡುತ್ತೇನೆ, ಅರ್ಧ ನಿಮ್ಮ ಯಂತ್ರದಲ್ಲಿ ಎಲ್ಲ ಸಲವೂ ಬೇಯಲಿ, ಅರ್ಧ ನಿಮ್ಮ ಮೇಜಿನ ಡ್ರಾವರಿನಲ್ಲಿ ಒಣಗಿರಲಿ, ಕೀಲಿಕೈ ನಿಮ್ಮಲ್ಲೇ ಇರಲಿ ಎಂದೆ. ನನ್ನನ್ನು ಸುಳ್ಳಿಯೆಂದು ಸಾಬೀತು ಮಾಡುವ ಆಸೆಯಿಂದಲೋ ಏನೋ, ಕೂಡಲೇ ಒಪ್ಪಿದರು.

ಕಾಯುವ ಆ ದಿನಗಳಲ್ಲಿ ಮನೆಯಲ್ಲೂ ಒಂದು ಪ್ರಯೋಗ ಮಾಡೋಣವೆಂದು ಕಡ್ಡಿಯೊಂದನ್ನು ಕುಕ್ಕರಿಗೆ ಹಾಕಲು ಹೋದೆ. ಅತ್ತೆ ಕೈ ಹಿಡಿದರು. “ಎಂತದೇ ಅದು? ಹಲ್ಲನೇ? ಅನ್ನ ಬೇಯ್ಸ ಪಾತ್ರೆಲಿ ಹಲ್ಲು ಬೇಯ್ಸ್ತ್ಯಾ? ಎಂಜಲು ಹೇಳದು ನಿಂಗೆ ಗೊತ್ತಿಲ್ಯನೇ?” ಯಾರ ಬಾಯನ್ನೂ ಕಂಡಿರದ ಬಿಳಿ ಕಡ್ಡಿ ಅದು. ಎಷ್ಟು ಹೇಳಿದರೂ ಕೇಳಲಿಲ್ಲ. ಸಿದ್ದಾಪುರದ ಡಾಕ್ಟರು ಎಂಥವರ ನಡುವೆ ಕೆಲಸ ಮಾಡುತ್ತಾರೆ ಎಂಬುದು ಆಗ ಪೂರ್ತಿ ಅರ್ಥವಾಯಿತು.

ಕಡ್ಡಿಗಳನ್ನು ನೋಡುವ ದಿನ ಡಾಕ್ಟರು ಬೀಗ ತಾವೇ ತೆಗೆದರು, ಮಾರ್ಕರ್ ತಮ್ಮದೇ ತಂದರು. ಎಲ್ಲ ಕಡ್ಡಿಗಳ ಮೇಲೂ ಗೆರೆ ಎಳೆದು, ಸ್ಪಿರಿಟ್ಟಿನಲ್ಲಿ ಒರೆಸಿದರು. ಡ್ರಾವರಿನವು ಬೆಳ್ಳಗಾದವು. ಯಂತ್ರದವುಗಳ ಮೇಲೆ ಬೂದಿ ನೆರಳು ಉಳಿಯಿತು. ಇನ್ನೂ ಜೋರಾಗಿ ಉಜ್ಜಿದರು, ಉಳಿಯಿತು. ಬೇರೆ ಪೆನ್ನು ತಂದರು, ಅದರದ್ದೂ ಉಳಿಯಿತು. ಕಿಟಕಿಯ ಹತ್ತಿರ ಹೋಗಿ ಬಹಳ ಹೊತ್ತು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಸಹಾಯಕಿಯನ್ನು ಕರೆದು, “ನಾಳೆಯಿಂದ ಕ್ಯಾಪ್ ಹಬೆಗೆ ಬೇಡ. ಸ್ಪಿರಿಟ್ಟಲ್ಲಿ ಒರೆಸು, ಸಾಕು,” ಎಂದರು.

ಗೆದ್ದೆ ಎಂದುಕೊಂಡೆ. ಡಾಕ್ಟರು ಕುರ್ಚಿಯಲ್ಲಿ ಕೂತು ನಿಟ್ಟುಸಿರು ಬಿಟ್ಟರು. “ಸರ್ವೇಯರಿಗೆ ಏನು ಹೇಳೋಣ? ಹಬೆ ಇಲ್ಲ ಅಂದ್ರೆ ಎಂಜಲು ಅಂತಾರೆ. ಸ್ಪಿರಿಟ್ ಅಂದ್ರೆ, ಹೆಂಡದಲ್ಲಿ ತೊಳೆದದ್ದು ಬಾಯಿಗೆ ಬೇಡ ಅಂತಾರೆ. ಅವರು ಹಾಕಿಕೊಳ್ಳದೇ ಹೋದ್ರೆ ಊರಿನ ಮಾತು ನಿಲ್ಲಲ್ಲ. ಊರಿನ ಮಾತು ನಿಲ್ಲದಿದ್ರೆ ನಾನು ನಿಮ್ಮಲ್ಲಿ ಕೆಲಸ ಕೊಡೋಕೆ ಆಗ್ತದಾ?”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಮಾತು ಇಷ್ಟು ಸರಿಯಾಗಿ ಎಲ್ಲೂ ಹೊಂದಲಿಕ್ಕಿಲ್ಲ. ಒಂದು ಕ್ಷಣ ಯೋಚಿಸಿ ಹೇಳಿದೆ. “ಅವರನ್ನೇ ಶಿರಸಿಗೆ ಕಳಿಸಿ. ಬೆಂಕಿಗೆ ಹೋಗುವುದನ್ನೂ ಬರುವುದನ್ನೂ ಅವರೇ ನೋಡಲಿ. ತಮ್ಮ ಕೈಯಾರೆ ತರಲಿ. ಇಲ್ಲಿ, ನೀವು ಬಾಯಿ ಮುಕ್ಕಳಿಸಲು ಕೊಡುವ ಔಷಧದಲ್ಲೇ ಅದ್ದಿ ಹಾಕಿ.” ನಮ್ಮ ಕೋಣೆಗೆ ಈ ತನಕ ಪೇಶಂಟನ್ನು ಬಿಟ್ಟವಳಲ್ಲ ನಾನು. ಹೊರಗಿನವರ ಕಣ್ಣು ಬಿದ್ದರೆ ಕೆಲಸ ಕೆಡುತ್ತದೆ ಎಂದು ನಂಬಿದವಳು.

ಸರ್ವೇಯರ್ ಮೊದಲ ಬಸ್ಸಿಗೇ ಬಂದರು. ಬಿಳಿ ಅಂಗಿ, ಕಂಕುಳಲ್ಲಿ ಕೊಡೆ, ಕೈಯಲ್ಲಿ ಚೀಲ. ಮೆಟ್ಟಿಲು ಹತ್ತಿ ಬಾಗಿಲಲ್ಲೇ ನಿಂತು ಕೋಣೆಯ ನಾಲ್ಕೂ ಮೂಲೆಯನ್ನು ಕಣ್ಣಲ್ಲೇ ಅಳೆದರು.

“ಸುಣ್ಣದ ಹಲ್ಲು ಮಾಡದು ನೀನೇಯನೇ ತಂಗೀ?”

“ಆನೇಯ ಮಾವ. ಬನ್ನಿ, ಕುತ್ಗಳಿ. ಕಾಪಿ ಮಾಡ್ತೆ.” ನಾನೇ ಎಂದು ಒಪ್ಪಿಕೊಂಡೆ; ಹಿರಿಯರನ್ನು ಮಾವ ಎನ್ನುವುದು ನಮ್ಮ ಕಡೆಯ ರೂಢಿ.

“ಕಾಪಿ ಬ್ಯಾಡ. ನೀರೂ ಮನೆಯಿಂದ ತಂದಿದ್ದೆ. ಹಲ್ಲು ಎಲ್ಲಿದ್ದು?”

ಕೊರೆದಿಟ್ಟ ಕ್ಯಾಪನ್ನು ಅಂಗೈಯಲ್ಲಿಟ್ಟು ತೋರಿಸಿದೆ. ದವಡೆ ಹಲ್ಲು, ಸೀಮೆಸುಣ್ಣದ ಬಣ್ಣ. ಅವರು ಚೀಲದಿಂದ ತಮ್ಮ ಸರ್ವೀಸಿನ ಕಾಲದ ಡಿವೈಡರ್ ತೆಗೆದರು, ನಕ್ಷೆಯ ಮೇಲೆ ದೂರ ಅಳೆಯುವ ಎರಡು ಮೊನೆಯ ಸಾಧನ. ಹಿತ್ತಾಳೆಯ ಸ್ಕೇಲೂ ಬಂತು. ಕ್ಯಾಪಿನ ಎತ್ತರ, ಅಗಲ ಎರಡನ್ನೂ ಅಳೆದು ಬಾಯಲ್ಲೇ ಗುಣುಗುಣಿಸಿ ನೆನಪಿಟ್ಟುಕೊಂಡರು.

“ಇದಕ್ಕೆ ಎನ್ನ ಗುರ್ತು ಒಂದು ಹಾಕವು. ಗಡಿಕಲ್ಲು ಇಲ್ದೆ ಜಾಗ ಬಿಟ್ಟಿಕ್ಕೆ ಹೋದವ ಅಲ್ಲ ಆನು,” ಎಂದು ಸೂಜಿ ತೆಗೆದರು.

ಸೂಜಿಯ ಗೀರು ಬಿದ್ದರೆ ಅಲ್ಲಿಂದಲೇ ಮುಂದೆ ಬಿರುಕು ಹುಟ್ಟುತ್ತದೆ. ನಾನು ಕೈ ಅಡ್ಡ ಹಿಡಿದು, ಹಲ್ಲಿಗೆ ಬಣ್ಣ ಕೊಡಲು ಬಳಸುವ ಹಸಿರು ದ್ರಾವಣವನ್ನೂ ಕೂದಲೆಳೆಯ ಕುಂಚವನ್ನೂ ಕೊಟ್ಟೆ. ನಾಲಿಗೆಯ ಬದಿಗೆ, ಯಾರಿಗೂ ಕಾಣದ ಕಡೆ, ಅವರು ನೆಟ್ಟಗೆ ಒಂದು ಗೆರೆ ಎಳೆದರು. ಗೆರೆಯನ್ನೂ ಡಿವೈಡರಿನಲ್ಲಿ ಅಳೆದರು. ನಾವು ಕ್ಯಾಪನ್ನು ಫರ್ನೇಸಿನಲ್ಲಿಟ್ಟು ಬಾಗಿಲು ಮುಚ್ಚಿದ ಮೇಲೆ ಕುರ್ಚಿಯನ್ನು ಅದರ ಎದುರಿಗೇ ಎಳೆದುಕೊಂಡು ಕೂತರು.

ದಿನವಿಡೀ ಕೂತರು. ಮನೆಯಿಂದ ತಂದ ಅವಲಕ್ಕಿಯನ್ನು ಅಲ್ಲೇ ತಿಂದರು, ಫರ್ನೇಸಿನ ಬಾಗಿಲಿನ ಮೇಲಿಂದ ಕಣ್ಣು ತೆಗೆಯದೆ. ಪರದೆಯ ಅಂಕಿ ಏರುವುದನ್ನು ನೋಡಿ ಒಂದು ಸಲ ಕೇಳಿದರು, “ಇಷ್ಟು ಬಿಸಿಲಿ ಎಂಜಲು ಉಳಿತ?”

“ಬಂಗಾರವೇ ಕರಗಿ ನೀರಾಗ್ತು ಮಾವ, ಎಂಜಲು ಎಲ್ಲಿ ಉಳಿತು?”

“ಹಂ,” ಎಂದರು. ನಂಬಿದ ಹಂ ಅಲ್ಲ ಅದು. ಸಹೋದ್ಯೋಗಿ ನನ್ನ ಕಿವಿಯ ಹತ್ತಿರ ಬಂದು, “ಮೇಡಮ್ಮರ, ನಿಮಗ ಅಣ್ಣ ಆಗಬೇಕಿತ್ತು ಇವ್ರು,” ಎಂದು ನಕ್ಕು ಹೋದರು.

ಸಂಜೆ ಫರ್ನೇಸ್ ತಣಿಯಿತು. ಅವರ ಎದುರಿಗೇ ಬಾಗಿಲು ತೆಗೆದೆ, ಕ್ಯಾಪನ್ನು ಅವರ ಅಂಗೈಗೇ ಹಾಕಿದೆ. ಅವರು ಕನ್ನಡಕ ಏರಿಸಿ ತಿರುಗಿಸಿ ನೋಡಿದರು. ಮುಖ ಕೆಂಪಾಯಿತು.

“ಬದ್ಲು ಮಾಡಿದ್ರಿ ನಿಂಗ!”

“ಎಂತ ಮಾವ?”

“ಆನು ಎಳೆದ ಗೆರೆ ಇಷ್ಟು ಸಣ್ಣ ಇತ್ತಿಲ್ಲೆ. ಬಣ್ಣನೂ ಹಸ್ರಾಗಿತ್ತು, ಇದು ಕಂದು. ಇದು ಎನ್ನ ಹಲ್ಲಲ್ಲ. ಬೆಳಿಗ್ಗೆಯಿಂದ ಕುಂತದ್ದು ಸುಳ್ಳಾ?”

ಸುಟ್ಟಾಗ ಕುಗ್ಗುತ್ತದೆ, ದ್ರಾವಣದ ಹಸಿರು ಉರಿದುಹೋಗಿ ಕಂದು ನಿಲ್ಲುತ್ತದೆ ಎಂದು ಮೊದಲೇ ಹೇಳಬೇಕಿತ್ತು. ನಮಗೆ ಅದು ದಿನದ ರೂಢಿ, ಹೇಳಬೇಕೆಂದೇ ತೋಚಿರಲಿಲ್ಲ. ಈಗ ಹೇಳಿದರೆ ನೆವ ಹೇಳಿದಂತೆ ಕೇಳುತ್ತದೆ.

“ಎದ್ದ ಹೊರಗ ಹೋಗಿಲ್ಲಲ್ರಿ ನೀವು,” ಎಂದರು ಸಹೋದ್ಯೋಗಿ. “ಯಾವಾಗ ಬದಲಿ ಮಾಡೋಣ್ರಿ ನಾವು?”

“ಬಾಗ್ಲು ಹಾಕಿತ್ತು. ಬಾಗ್ಲು ಹಾಕ್ಯಂಡು ಮಾಡ ಕೆಲ್ಸ ಯಾವ್ದನ್ನೂ ಆನು ನಂಬಿದವ ಅಲ್ಲ.”

ನಾನು ವಾದಕ್ಕೆ ಇಳಿಯಲಿಲ್ಲ. “ಗೆರೆ ಒಂದೇ ನೋಡಡಿ ಮಾವ. ಹಲ್ಲನ್ನೂ ಅಳೆದು ನೋಡಿ. ಬೆಳಿಗ್ಗೆ ಅಳೆದದ್ದು ನೆನಪಿದ್ದಲಿ?” ಎಂದೆ.

ಅವರು ಅನುಮಾನದಿಂದಲೇ ಡಿವೈಡರ್ ತೆರೆದರು. ಎತ್ತರ ಹಿಡಿದರು, ಸ್ಕೇಲಿಗೆ ಇಟ್ಟರು. ಅಗಲ ಹಿಡಿದರು. ಗೆರೆಗೆ ಬಂದರು. ಮತ್ತೆ ಎತ್ತರಕ್ಕೆ ಹೋದರು. ಮೂರು ತಾಲೂಕಿನ ನೆಲ ಅಳೆದ ಮನುಷ್ಯ ಒಂದು ಹಲ್ಲಿನ ಸುತ್ತ ಸುತ್ತುತ್ತಿದ್ದರು, ನನ್ನ ಹೊಟ್ಟೆಪಾಡು ಆ ಎರಡು ಮೊನೆಗಳ ನಡುವೆ ಇತ್ತು.

“ಗೆರೆ ಐದ್ರಲ್ಲಿ ಒಂದು ಪಾಲು ಕಮ್ಮಿ ಆಜು,” ಎಂದರು ಕೊನೆಗೆ, ತಮಗೇ ಹೇಳಿಕೊಳ್ಳುವಂತೆ. “ಎತ್ರವೂ ಐದ್ರಲ್ಲಿ ಒಂದು ಪಾಲು. ಅಗಲವೂ ಅಷ್ಟೇಯ.” ಸ್ಕೇಲನ್ನು ಮೇಜಿನ ಮೇಲಿಟ್ಟರು. “ಹಾಂಗಾರೆ ನಕ್ಷೆ ಅದೇಯ. ಸ್ಕೇಲು ಮಾತ್ರ ಬೇರೆ.”

“ಹೌದು ಮಾವ.”

“ಎನ್ನ ಕೆಲ್ಸದಲ್ಲಿ ಜಾಗ ಇಷ್ಟು ಕಮ್ಮಿ ಬಂದಿದ್ರೆ ಕತ್ತಿ ಹಿಡ್ಕಂಡು ಬತ್ತಿದ್ದ ಜನ.” ಆಗ ಮೊದಲ ಸಲ ಸ್ವಲ್ಪ ನಕ್ಕರು. “ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡು ಹೇಳಿ ಗಾದೆ ಇದ್ದಲೇ. ನೋಡಿದ್ದೆ.”

ಅವರ ಎದುರಿಗೇ ಹೊಳಪು ಕೊಟ್ಟೆವು. ಕ್ಯಾಪನ್ನು ತಮ್ಮದೇ ಸಣ್ಣ ಬೆಳ್ಳಿ ಕರಡಿಗೆಯಲ್ಲಿ ಹಾಕಿ, ಅಂಗಿಯ ಒಳಕಿಸೆಯಲ್ಲಿಟ್ಟು, ಕೊನೆಯ ಬಸ್ಸಿಗೆ ಓಡಿದರು.

ಆ ಹಲ್ಲು ಇವತ್ತಿಗೂ ಒಡೆದಿಲ್ಲ. ಸಿದ್ದಾಪುರದಿಂದ ಅಚ್ಚಿನ ಡಬ್ಬಿ ಬರುವುದೂ ನಿಂತಿಲ್ಲ. ಆದರೆ ಇದೆಲ್ಲ ಗೊತ್ತಾದದ್ದು ಆಮೇಲೆ. ಮರುದಿನ ಕ್ಯಾಪ್ ತೊಡಿಸುವುದನ್ನು ಕಣ್ಣಾರೆ ನೋಡಲು ನಾನೂ ಸಿದ್ದಾಪುರದ ಕ್ಲಿನಿಕ್ಕಿಗೆ ಹೋದೆ. ಸರ್ವೇಯರ್ ಆಗಲೇ ಬಂದು ಕುರ್ಚಿಯಲ್ಲಿ ಕೂತಿದ್ದರು, ಕರಡಿಗೆ ಮುಷ್ಟಿಯಲ್ಲಿತ್ತು. ಡಾಕ್ಟರು ಗ್ಲೌಸ್ ಹಾಕಿ ನಿಂತಿದ್ದರು. ಮುಕ್ಕಳಿಸುವ ಔಷಧ ಬಟ್ಟಲಿನಲ್ಲಿ ಸಿದ್ಧವಾಗಿತ್ತು. ಸರ್ವೇಯರ್ ಕರಡಿಗೆ ತೆರೆದು, ತಾವೇ ಕ್ಯಾಪನ್ನು ಔಷಧದಲ್ಲಿ ಅದ್ದಿ, ಡಾಕ್ಟರ ಕಡೆ ಚಾಚಿದರು. ಡಾಕ್ಟರು ಕೈ ನೀಡಿದರು. ಇವರು ಕೊಡಲಿಲ್ಲ.

“ಡಾಕ್ಟ್ರೇ, ಆ ಗ್ಲೌಸು ಆನು ಬರದ್ರೊಳಗೇ ಹಾಕಿತ್ತಲಿ?”

“ಹೊಸದು, ಈಗಷ್ಟೇ ಹಾಕಿದ್ದು.”

“ಆಗಿಕ್ಕು. ಆನು ಕಂಡಿದ್ದಿಲ್ಲೆ.”

ಡಾಕ್ಟರ ಮುಖದಲ್ಲಿ ಬಣ್ಣ ಹೋಗಿ ಬಂತು. ಗ್ಲೌಸ್ ಕಿತ್ತು ಬುಟ್ಟಿಗೆ ಎಸೆದರು. ನಲ್ಲಿಯ ಹತ್ತಿರ ಹೋಗಿ ಮೊಣಕೈ ತನಕ ಸೋಪು ಹಚ್ಚಿ ತೊಳೆದರು. ಹೊಸ ಪೊಟ್ಟಣವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹರಿದು, ಬೆರಳು ಬೆರಳಾಗಿ ಹಾಕಿಕೊಂಡು, ಎರಡೂ ಕೈಗಳನ್ನು ದೀಪದ ಕೆಳಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ತೋರಿಸಿದರು. ಸರ್ವೇಯರ್ ಇನ್ನೂ ಕ್ಯಾಪ್ ಕೊಡಲಿಲ್ಲ, ಬಾಯಿಯನ್ನೂ ತೆರೆಯಲಿಲ್ಲ. ಡಾಕ್ಟರು ನನ್ನ ಕಡೆ ತಿರುಗಿದರು.

“ನೀವಾದ್ರೂ ಹೇಳಿ. ನೋಡಿದ್ರಲ್ಲಾ ನೀವು?”

“ನೋಡಿದೆ ಸರ್,” ಎಂದೆ.

ಆಗ ಸರ್ವೇಯರ್ ಕ್ಯಾಪನ್ನು ಡಾಕ್ಟರ ಕೈಗಿಟ್ಟು ಬಾಯಿ ತೆರೆದರು.